ಪಟ್ಟೆಮೀನಿನ ಪಾಲಿನ ತುತ್ತು

ಮಾರ್ಚ್ 9, ಬೆಳಗ್ಗೆ

ಮತ್ತೆ ಬಸವನಹುಳು.

ಬೆನ್ನಿಗೆ ಗುರುತಿನ ಹಳದಿ ಮಣಿ ಕಟ್ಟಿದ್ದ ಹೆಣ್ಣು ಪಟ್ಟೆಮೀನು ಇವತ್ತು ಪುನಃ ಬಲೆಗೆ ಬಿತ್ತು. ಹೊಟ್ಟೆಯಲ್ಲಿ ಚಿಪ್ಪಿನ ಚೂರು ಬಿಟ್ಟರೆ ಬೇರೇನೂ ಇಲ್ಲ. ಹೋದ ವಾರವೂ ಇದೇ, ಅದರ ಹಿಂದಿನ ವಾರವೂ ಇದೇ. ಪಕ್ಕದಲ್ಲೇ ಸಿಕ್ಕ ನೀಲಿ ಮಣಿಯದು — ಅದೇ ಉದ್ದ, ಅದೇ ವಯಸ್ಸು, ಮೈಮೇಲೆ ಅದೇ ಕಪ್ಪು ಪಟ್ಟೆ — ಅದರ ಹೊಟ್ಟೆಯಲ್ಲಿ ಬರೀ ಕೆಸರಿನ ಕೆಂಪು ಹುಳು. ಅದೂ ಹೋದ ಸಲದಂತೆಯೇ.

ಬೆರಳು ಮರಗಟ್ಟಿವೆ. ಲ್ಯಾಬ್ ತುಂಬ ಲವಂಗದ ವಾಸನೆ. ಲವಂಗದೆಣ್ಣೆ ಬೆರೆಸಿದ ಬಕೆಟ್ಟಿಗೆ ಬಿಟ್ಟರೆ ಮೀನು ತೂಕಡಿಸುತ್ತದೆ. ಆಮೇಲೆ ಸಿರಿಂಜಿನ ತುದಿಯ ಮೆತ್ತನೆ ಕೊಳವೆಯನ್ನು ಬಾಯೊಳಗೆ ತೂರಿಸಿ ನಿಧಾನವಾಗಿ ನೀರು ಬಿಡಬೇಕು. ತಿಂದದ್ದೆಲ್ಲ ತಟ್ಟೆಗೆ. ಸ್ವಲ್ಪ ಹೊತ್ತಿಗೆ ಎಚ್ಚರವಾಗಿ, ಬಾಲ ಬಡಿದು, ನನ್ನ ಮುಖಕ್ಕೇ ನೀರು ಎರಚಿ, ಕೆರೆಗೆ ವಾಪಸ್. ಸಾಯಿಸುವ ಹಾಗಿಲ್ಲ. ಸತ್ತ ಮೀನು ನಾಳೆ ಏನು ತಿನ್ನುತ್ತಿತ್ತು ಎಂದು ಯಾರನ್ನು ಕೇಳುವುದು?

ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಕಾಲೇಜಿನಲ್ಲಿ ಪಾಠ ಹೇಳಿದವರು, ಈಗ ಈ ಮೀನು ಕೇಂದ್ರದ ಮುಖ್ಯಸ್ಥರು. ನನಗೆ ಆಗಲೂ ಈಗಲೂ ಮೇಷ್ಟ್ರೇ.

"ಏನಮ್ಮ, ನಿನ್ನ ಗಿರಾಕಿಗಳು ಇವತ್ತೇನು ಆರ್ಡರ್ ಮಾಡಿದಾರೆ?"

"ಹಳದಿ ಮತ್ತೆ ಬಸವನಹುಳುನೇ ತಿಂದಿದೆ ಸರ್. ಈಗಂತೂ ಅನುಮಾನವೇ ಇಲ್ಲ."

"ಬಸವನಹುಳು ಇರೋ ಕಡೆ ಸಿಕ್ಕಿರುತ್ತೆ, ಅದಕ್ಕೇ ತಿಂದಿರುತ್ತೆ. ಪಟ್ಟೆಮೀನು ಎದುರಿಗೆ ಬಂದಿದ್ದನ್ನ ತಿನ್ನುತ್ತೆ. ಒಂದನ್ನ ನೋಡಿದರೆ ಸಾವಿರ ನೋಡಿದ ಹಾಗೆ."

ಅವರ ಪುಸ್ತಕದ ಮಾತು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡವಳು ನಾನು.

ಮಾರ್ಚ್ 10

ಅತ್ತೆಯ ಹತ್ತಿರ ಚೆನ್ನಾಗಿ ಉಗಿಸಿಕೊಂಡೆ. ಹೋಲಿಸಿ ನೋಡಲು ಕೆಂಪು ಹುಳುಗಳ ಒಂದು ಬಾಟಲಿಯನ್ನು ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟಿದ್ದೆ.

"ಜಾಮ್ ಅಂತ ಮುಚ್ಚಳ ತೆಗೆದೆ ಕಣೇ! ಇನ್ನೇನು ಬ್ರೆಡ್ಡಿಗೆ ಸವರಬೇಕು, ಅಷ್ಟರಲ್ಲಿ ಜಾಮು ಅಲ್ಲಾಡ್ತು!"

ಇವರು ನಗು ತಡೆಯಲಾರದೆ ಡ್ರೈವರ್ ಟೋಪಿ ಸಿಕ್ಕಿಸಿಕೊಂಡು ಬಸ್ ಡಿಪೋಗೆ ಪರಾರಿ. ನಾನೊಬ್ಬಳೇ ಸಿಕ್ಕಿಬಿದ್ದೆ.

ಮಾರ್ಚ್ 27

ಕೆರೆ ಸಮಿತಿಯ ಮೀಟಿಂಗ್. ಎರಡು ವರ್ಷದಿಂದ ಮೀನು ಬಡಕಲಾಗಿವೆ, ಬೆಲೆ ಬರುವುದಿಲ್ಲ, ಮೀನು ಹಿಡಿಯುವ ಮನೆಗಳು ಸೋತುಹೋಗಿವೆ. ಏನಾದರೂ ಮಾಡಲೇಬೇಕು. ಮೇಷ್ಟ್ರು ತಮ್ಮ ಕರಡು ವರದಿ ಓದಿದರು. ಮೀನು ಜಾಸ್ತಿಯಾಗಿವೆ, ಎಲ್ಲವೂ ಒಂದೇ ಆಹಾರಕ್ಕೆ ಬಡಿದಾಡುತ್ತಿವೆ. ಆದ್ದರಿಂದ ದೊಡ್ಡ ಬಲೆ ಎಳೆದು ಅರ್ಧ ಮೀನು ತೆಗೆಯುವುದು. ಬಲೆ ಎಳೆಯಲು ಅಡ್ಡವಾಗುವ ದಡದ ಜೊಂಡನ್ನೆಲ್ಲ ಕಿತ್ತು ಹಾಕುವುದು.

ಜೊಂಡು ಎನ್ನುತ್ತಿದ್ದಂತೆ ಕಂಟ್ರಾಕ್ಟರ್ ಕಣ್ಣು ಅರಳಿತು. ಅದು ಹೋದರೆ ಆ ಜಾಗದಲ್ಲೇ ವಾಕಿಂಗ್ ಪಾತ್, ದೀಪ, ಬೆಂಚು. ನಕ್ಷೆ ಜೊತೆಗೇ ತಂದಿದ್ದ ಪುಣ್ಯಾತ್ಮ.

ನಮ್ಮ ದೋಣಿಯಣ್ಣನೂ ತಲೆಯಾಡಿಸಿದ. ದಿನಾ ನನ್ನ ಜೊತೆ ಬಲೆ ಎತ್ತುವವನು, ಅವನ ಮನೆಯವರೆಲ್ಲ ಇದೇ ಕೆರೆಯನ್ನು ನಂಬಿದವರು. "ಬಾಯಿ ಜಾಸ್ತಿ, ತುತ್ತು ಕಮ್ಮಿ. ಕಡಿಮೆ ಮಾಡದೆ ದಾರಿ ಇಲ್ಲ ಬಿಡಿ ಮೇಡಂ," ಅಂದ.

ನಾನು ನನ್ನ ಲೆಕ್ಕದ ಪುಸ್ತಕ ತಿರುವುತ್ತಿದ್ದೆ. ಹಳದಿಯ ಬಸವನಹುಳು ಸಿಗುವುದು ಜೊಂಡಿನ ಕಾಂಡದ ಮೇಲೆ. ಹಸಿರು ಮಣಿಯದು ತಿನ್ನುವ ಕಡ್ಡಿಯಂಥ ಮರಿಹುಳು ಇರುವುದೂ ಅಲ್ಲೇ. ಜೊಂಡು ಕಿತ್ತರೆ ಅವೂ ಕೆಂಪು ಹುಳುವಿಗೇ ಬಂದು ಬೀಳುತ್ತವೆ. ಆಗ ಬಡಿದಾಟ ಕಡಿಮೆಯಾಗುವುದಲ್ಲ, ಶುರುವಾಗುವುದು.

ಅಂತಿಮ ತೀರ್ಮಾನ ಆಗಸ್ಟಿನಲ್ಲಿ.

ಏಪ್ರಿಲ್ 2

ಹೇಳಿಬಿಟ್ಟೆ. ಬಾಗಿಲು ಹಾಕಿಕೊಂಡು, ನಿಂತುಕೊಂಡೇ ಹೇಳಿದೆ. ಕುರ್ಚಿಯಲ್ಲಿ ಕೂತರೆ ಧೈರ್ಯ ಸಾಲುತ್ತಿರಲಿಲ್ಲ.

ಈ ಮನುಷ್ಯ ನನಗೆ ಏನೇನು ಮಾಡಿದ್ದಾರೆ! ಮದುವೆಯಾಗಿ, ಸ್ಕೂಲ್ ಟೀಚರಾಗಿ, ಮೈಕ್ರೋಸ್ಕೋಪ್ ಮುಟ್ಟಿಯೇ ಯಾವುದೋ ಕಾಲವಾಗಿದ್ದವಳಿಗೆ ಫೋನ್ ಮಾಡಿ, "ಕೈ ಮರೆತಿರಲ್ಲ, ಬಾ" ಅಂದವರು. ಅವರಿಗೇ ಎದುರು ನಿಲ್ಲುವುದು.

ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ಒಂದೊಂದು ಮೀನಿಗೆ ಒಂದೊಂದು ಚಾಳಿ ಇದೆ ಅಂತೀಯ. ಇರಲಿ, ಒಪ್ಪಿದೆ ಅಂತಲೇ ಇಟ್ಕೋ. ಅದರಿಂದ ಜಗಳ ಕಡಿಮೆ ಆಗುತ್ತೆ ಅನ್ನೋದಕ್ಕೆ ಏನು ಆಧಾರ? ಚಾಳಿ ಬೇರೆ, ಹೊಟ್ಟೆ ತುಂಬೋದು ಬೇರೆ."

"ತೋರಿಸ್ತೀನಿ ಸರ್. ಅಷ್ಟೇ ಮೀನು, ಅಷ್ಟೇ ಜಾಗ. ಒಂದು ಕಡೆ ಜೊಂಡು ಇರಲಿ, ಇನ್ನೊಂದು ಕಡೆ ಕಿತ್ತು ಹಾಕೋಣ. ಎಲ್ಲಿ ಮೀನು ಬೆಳೆಯುತ್ತೆ ನೋಡೋಣ."

"ನಿನ್ನ ಮಾತು ಸುಳ್ಳಾದರೆ?"

"ನಿಮ್ಮ ವರದಿಗೆ ನಾನೇ ಮೊದಲು ಸಹಿ ಹಾಕ್ತೀನಿ."

"ನಿಂದು ನಿಜವಾದರೆ ನನ್ನ ಪುಸ್ತಕ ಯಾರು ತಿದ್ದೋದು?" ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. "ಹೋಗು. ಬಲೆ ಎಷ್ಟು ಬೇಕೋ ಸ್ಟೋರಿನಿಂದ ತಗೋ, ಆಗಸ್ಟ್‌ವರೆಗೂ ನಿಂದೇ. ಬಾಯಲ್ಲಿ ಹೇಳಬೇಡ, ತೋರಿಸು."

ಕೆಳಗೆ ಇಳಿದದ್ದು ಎರಡೆರಡು ಮೆಟ್ಟಿಲು ಹಾರಿಕೊಂಡು.

ಏಪ್ರಿಲ್ 21, ಭಾನುವಾರ

ಇವರಿಗೆ ರಜೆ. ರಜೆಯ ದಿನ ಹೆಂಡತಿಯ ಜೊತೆ ಎದೆಮಟ್ಟ ನೀರಿನಲ್ಲಿ ನಿಂತು ಗೂಟ ಹೊಡೆದ ಗಂಡಸು ಊರಿಗೆಲ್ಲ ಇವರೊಬ್ಬರೇ ಇರಬೇಕು. "ಸ್ಟೀರಿಂಗ್ ಎಷ್ಟೋ ಮೇಲು ಕಣೇ," ಅಂತ ಗೊಣಗಿದರು. ಆದರೆ ಎಲ್ಲರಿಗಿಂತ ನೆಟ್ಟಗೆ ನಿಂತದ್ದು ಇವರ ಗೂಟಗಳೇ.

ಕೆಸರಿನಿಂದ ನೀರಿನ ಮೇಲಿನವರೆಗೆ ಬಲೆಯ ಗೋಡೆ, ಸುತ್ತ ಗೂಟ. ದೋಣಿಯಣ್ಣ ಇದಕ್ಕೆ ಬಲೆಮನೆ ಎಂದು ಹೆಸರಿಟ್ಟಿದ್ದಾನೆ. ದಡದುದ್ದಕ್ಕೂ ಸಾಲು. ಒಂದು ಬಿಟ್ಟು ಒಂದರಲ್ಲಿ ಜೊಂಡು ಕೊಯ್ದೆವು. ಜೊಂಡು ಕೊಯ್ಯುವಾಗ ಕೈತುಂಬ ಗೀರು. ನಾನೇ ಉಳಿಸಬೇಕೆಂದಿದ್ದನ್ನು ನಾನೇ ಕೊಯ್ಯುವುದು... ಹಿತವಾಗಲಿಲ್ಲ.

ಮೇ 6

ಮೀನು ಬಿಟ್ಟೆವು. ಕೆರೆಯ ನಡುವೆ ಇರುವುದಕ್ಕಿಂತ ಒತ್ತೊತ್ತಾಗಿ, ಬೇಕೆಂದೇ. ಯಾವ ಮೀನು ಯಾವ ಬಲೆಮನೆಗೆ ಎಂದು ಚೀಟಿ ಎತ್ತಿ ಹಾಕಿದ್ದು, ನನ್ನ ಕೈ ಯಾವ ಕಡೆಗೂ ವಾಲದಿರಲಿ ಎಂದು. ಎಲ್ಲದರ ಬೆನ್ನಿಗೂ ಬಣ್ಣದ ಮಣಿ. ಎಲ್ಲದರ ತೂಕವೂ ಆಯಿತು.

ದೋಣಿಯಣ್ಣ ಒಂದನ್ನು ಬಿಡುವಾಗ, "ಚೆನ್ನಾಗಿ ತಿನ್ನಪ್ಪ, ಮೇಡಂ ಮರ್ಯಾದೆ ನಿನ್ನ ಹೊಟ್ಟೆಯಲ್ಲಿದೆ," ಅಂದ. ನಗಬೇಕೋ ಹೆದರಬೇಕೋ.

ಮೇ 30

ಎಲ್ಲ ಮುಗಿಯಿತು.

ಮೊದಲ ತೂಕ ನೋಡಿದೆವು. ಜೊಂಡಿಲ್ಲದ ಬಲೆಮನೆಗಳಲ್ಲಿ ಮೀನು ಇಳಿದಿವೆ — ಅದು ಗೊತ್ತಿದ್ದದ್ದೇ. ಜೊಂಡಿರುವ ಕಡೆಯೂ ಇಳಿದಿವೆ. ಹೆಚ್ಚುಕಡಿಮೆ ಅಷ್ಟೇ. ಒಂದೊಂದಾಗಿ ಹೊಟ್ಟೆ ತೊಳೆದೆ. ಕೆಂಪು ಹುಳು. ಕೆಂಪು ಹುಳು. ಮತ್ತೆ ಕೆಂಪು ಹುಳು. ಜೊಂಡಿನ ಕಾಂಡದ ಮೇಲೆ ಬಸವನಹುಳುಗಳು ಆರಾಮಾಗಿ ತೆವಳುತ್ತಿವೆ, ಕೇಳುವವರಿಲ್ಲ. ಎಲ್ಲ ಮೀನೂ ಒಂದೇ ತಟ್ಟೆಗೆ ಕೈ ಹಾಕಿವೆ.

ಮೇಷ್ಟ್ರು ತಟ್ಟೆಗಳನ್ನು ಒಂದು ಸುತ್ತು ನೋಡಿದರು. "ನೋಡಿದೆಯಾ" ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು. ನನ್ನ ಟೇಬಲ್ ಮೇಲೆ ಟೀ ಇಟ್ಟು, "ಮೊದಲು ಬಿಸಿಯಾಗಿ ಏನಾದರೂ ಕುಡಿ," ಅಂದರು.

"ಬಲೆಮನೆ ತೆಗೆಸಿಬಿಡಲಾ ಸರ್?"

"ಆಗಸ್ಟ್‌ವರೆಗೂ ನಿಂದೇ ಅಂದಿದೀನಲ್ಲ. ತೆಗೆಸೋದು ಬಿಡೋದು ನಿನಗೆ ಸೇರಿದ್ದು."

ಮೇ 31

ಜ್ವರ ಎಂದು ರಜೆ ಹಾಕಿದೆ. ಜ್ವರ ಇಲ್ಲ.

ಜೂನ್ 22

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ. ಕೇಂದ್ರಕ್ಕೆ ಹೋದೆ, ಬಂದೆ. ಬಲೆಮನೆಗಳ ಕಡೆ ತಿರುಗಿಯೂ ನೋಡಲಿಲ್ಲ. ಬೇರೆಯವರ ಲೆಕ್ಕಪತ್ರ ತಿದ್ದಿಕೊಟ್ಟೆ. ಮನೆಯಲ್ಲಿ ಮಾತು ಕಡಿಮೆ.

ಇವತ್ತು ಬೆಳಗ್ಗೆ ಅತ್ತೆ ನನ್ನ ಮುಂದೆ ಮೊಟ್ಟೆಯ ತಟ್ಟೆ ಇಟ್ಟು ಎದುರಿಗೆ ಕೂತರು. ಏಳುವ ಹಾಗೆ ಕಾಣಲಿಲ್ಲ.

"ಮೀನುಗಳು ಬದುಕಿವೆಯಾ ಸತ್ತುಹೋದವಾ?"

"ಬದುಕಿವೆ ಅತ್ತೆ."

"ಮತ್ತೆ ಶ್ರಾದ್ಧದ ಮನೆಯವಳ ಥರ ಯಾಕೆ ಕೂತಿದೀಯ? ಬದುಕಿರೋವು ಏನಾದರೂ ತಿಂತಾನೇ ಇರುತ್ತವೆ. ಹೋಗಿ ನೋಡು ಏನು ತಿಂತಿವೆ ಅಂತ. ನೋಡಿ ಅಳು, ಬೇಡ ಅನ್ನಲ್ಲ. ನೋಡದೆ ಅಳೋದು ಯಾವ ಸೀಮೆ ನ್ಯಾಯ?"

ಬಾಯಿ ಮುಚ್ಚಿಕೊಂಡು ಮೊಟ್ಟೆ ತಿಂದೆ. ದೋಣಿಯಣ್ಣನಿಗೆ ಫೋನ್ ಮಾಡಿದೆ. ನಾಡಿದ್ದು ಬಲೆ ಹಾಕುವುದು.

ಜೂನ್ 24, ಮಧ್ಯಾಹ್ನ

ಕೈ ಒದ್ದೆ, ಅಕ್ಷರ ಕಲಸಿದರೂ ಪರವಾಗಿಲ್ಲ. ಈಗಲೇ ಬರೆಯಬೇಕು.

ಜೊಂಡಿನ ಮೊದಲ ಬಲೆಮನೆ. ಮೊದಲನೆಯ ಮೀನು ಕೈಗೆ ಬಂದಾಗಲೇ ಗೊತ್ತಾಯಿತು — ಬೆನ್ನು ತುಂಬಿದೆ. ತಕ್ಕಡಿಯನ್ನು ನಂಬದೆ ಇನ್ನೊಮ್ಮೆ ಇಟ್ಟೆ. ಏರಿದೆ! ಎರಡನೆಯದೂ ಏರಿದೆ. ಮೂರನೆಯದು, ನಾಲ್ಕನೆಯದು...

ಹೊಟ್ಟೆ ತೊಳೆದೆ. ಮೊದಲನೆಯದಕ್ಕೆ ಬಸವನಹುಳು, ಬರೀ ಬಸವನಹುಳು. ಎರಡನೆಯದಕ್ಕೆ ಕಾಂಡಕ್ಕೆ ಅಂಟಿಕೊಳ್ಳುವ ಕಡ್ಡಿಹುಳು. ಮೂರನೆಯದಕ್ಕೆ ಸಾಸಿವೆಗಿಂತ ಸಣ್ಣ ನೀರುಚಿಗಟಗಳು, ಚಮಚದ ತುಂಬ. ನಾಲ್ಕನೆಯದಕ್ಕೆ ರೆಕ್ಕೆಗಳು! ನೀರಿನ ಮೇಲೆ ಬಿದ್ದ ನೊಣ, ಇರುವೆ, ಒಂದು ಪುಟ್ಟ ಜೀರುಂಡೆ. ಇನ್ನೊಂದು ಈಗಲೂ ಹಟ ಹಿಡಿದು ಕೆಂಪು ಹುಳುವನ್ನೇ ತಿನ್ನುತ್ತಿದೆ, ಅದಕ್ಕೀಗ ಪೈಪೋಟಿಯೇ ಇಲ್ಲ. ಸಾಲಾಗಿ ಇಟ್ಟ ತಟ್ಟೆಗಳು ಒಂದರ ಹಾಗೆ ಒಂದಿಲ್ಲ.

ಆಮೇಲೆ ಜೊಂಡಿಲ್ಲದ ಬಲೆಮನೆ. ಅಷ್ಟೇ ಮೀನು, ಅದೇ ನೀರು. ಎಲುಬು ಎಣಿಸಬಹುದು. ಬಾಲದ ಅಂಚು ಕಚ್ಚಾಡಿ ಹರಿದಿವೆ. ಎಲ್ಲದರ ಹೊಟ್ಟೆಯಲ್ಲೂ ಒಂದಿಷ್ಟು ನೀರುಚಿಗಟ, ಒಂದಿಷ್ಟು ಕೆಸರು. ಪಾಪ, ಹೋಗುವುದಕ್ಕೆ ಅವಕ್ಕೆ ಬೇರೆ ದಾರಿಯೇ ಇರಲಿಲ್ಲ.

ದೋಣಿಯಣ್ಣ ಎರಡು ಕೈಯಲ್ಲಿ ಎರಡು ಮೀನು ಹಿಡಿದು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. "ಮೇಡಂ, ಇವು ಒಂದೇ ದಿನ ಬಿಟ್ಟ ಮೀನಾ?"

"ಒಂದೇ ದಿನ. ಅಷ್ಟೇ ಲೆಕ್ಕ."

"ಹಾಗಾದರೆ ಬಾಯಿ ಜಾಸ್ತಿ ಆಗಿದ್ದಲ್ಲ..." ಅಂದವನು ಅಲ್ಲಿಗೇ ನಿಲ್ಲಿಸಿ ಜೊಂಡಿನ ಕಡೆ ನೋಡುತ್ತ ನಿಂತ.

ಸಂಜೆ

ನಿಧಾನವಾಗಿ ಯೋಚಿಸಿದೆ. ಮೇ ತಿಂಗಳಲ್ಲಿ ನಾನು ಸೋತಿರಲಿಲ್ಲ. ಆತುರಪಟ್ಟಿದ್ದೆ, ಅಷ್ಟೇ. ಮೀನುಗಳನ್ನು ಒತ್ತೊತ್ತಾಗಿ ಬಿಟ್ಟಾಗ ಎಲ್ಲವೂ ಮೊದಲು ಹೋದದ್ದು ಸುಲಭಕ್ಕೆ ಸಿಗುವ ಕೆಂಪು ಹುಳುವಿಗೆ. ಅದು ಬರಿದಾಗುತ್ತ ಬಂತು. ಹಸಿವು ಹೆಚ್ಚಿತು. ಆಗ ಒಂದೊಂದೂ ತನ್ನ ಎರಡನೆಯ ಇಷ್ಟದ ಕಡೆ ತಿರುಗಿತು. ಎರಡನೆಯ ಇಷ್ಟ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ! ಒಂದಕ್ಕೆ ಚಿಪ್ಪು ಒಡೆಯುವುದು ಸಲೀಸು, ಇನ್ನೊಂದಕ್ಕೆ ಮೇಲಕ್ಕೆ ಹಾರಿ ನೊಣ ಹಿಡಿಯುವುದು. ಹೀಗೆ ಚೆದುರಿ ಹೋದವು. ಕಚ್ಚಾಟವೇ ಅವನ್ನು ಬೇರೆ ಬೇರೆ ಮಾಡಿತು, ಬೇರೆಯಾದದ್ದೇ ಕಚ್ಚಾಟವನ್ನು ತಣ್ಣಗೆ ಮಾಡಿತು.

ಆದರೆ ಚೆದುರಲು ಜಾಗ ಬೇಕು. ಜೊಂಡು ಬೇಕು.

ಅಡುಗೆಮನೆಗೆ ಹೋಗಿ ಅತ್ತೆಯನ್ನು ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟೆ. "ಬಿಡೇ, ಸೊಂಟ! ಸೊಂಟ!" ಅಂತ ಕೂಗಿಕೊಂಡರು. "ಮೀನಿನ ವಾಸನೆ ಬೇರೆ!" ಆದರೆ ನಗುತ್ತಿದ್ದರು. ಇವರು ಬಂದ ಮೇಲೆ ಅವರಿಗೂ ಎಲ್ಲ ಹೇಳಿದೆ. ಮಧ್ಯದಲ್ಲಿ ತಡೆಯದೆ ಕೇಳಿ, ಕೊನೆಯಲ್ಲಿ, "ನನ್ನ ಗೂಟ ಹೇಗಿವೆ?" ಅಂದರು. ನೆಟ್ಟಗಿವೆ ಮಾರಾಯರೇ, ನೆಟ್ಟಗಿವೆ.

ನಾಳೆ ಮೇಷ್ಟ್ರು.

ಜೂನ್ 25

ಒಪ್ಪಲಿಲ್ಲ! ಅಂದರೆ, ತೂಕ ಒಪ್ಪಿದರು. ತಟ್ಟೆಗಳನ್ನು ಒಪ್ಪಲಿಲ್ಲ.

"ಒಂದು ಹೊಟ್ಟೆ ಒಂದು ಊಟದ ಕಥೆ ಹೇಳುತ್ತೆ ಕಣಮ್ಮ. ನಿನ್ನೆ ಬಸವನಹುಳು ತಿಂದಿದ್ದು ಇವತ್ತು ನೊಣ ತಿಂದಿರಬಹುದು. ನಾನೇ ಹಿಡೀತೀನಿ. ನಾನೇ ತೊಳೀತೀನಿ. ನೀನು ದೂರ ನಿಂತಿರು."

"ನಿಮ್ಮ ಮಂಡಿ ನೋವು ಸರ್..."

"ಮಂಡಿ ನನ್ನದು. ನನಗೆ ಬಿಡು."

ಜುಲೈ 11

ಎರಡು ವಾರದಿಂದ ಮೇಷ್ಟ್ರು ಬಲೆಮನೆಗಳಲ್ಲೇ. ರಬ್ಬರ್ ಬೂಟು, ಹಳೆ ಟೋಪಿ, ಮಂಡಿಗೆ ಪಟ್ಟಿ. ದೋಣಿಯಣ್ಣ ತೋಳು ಕೊಟ್ಟರೆ ರೇಗುತ್ತಾರೆ, ಕೊಡದಿದ್ದರೆ ತಡವರಿಸುತ್ತಾರೆ. ಹಿಡಿದವನ್ನೇ ಮತ್ತೆ ಹಿಡಿಯುತ್ತಾರೆ, ಬೆಳಗ್ಗೆ ಒಮ್ಮೆ, ಮೋಡವಿದ್ದಾಗ ಒಮ್ಮೆ, ಬಲೆಯ ಮೂಲೆ ಬದಲಿಸಿ ಒಮ್ಮೆ. ನನಗೆ ಒಂದಕ್ಷರ ಹೇಳುವುದಿಲ್ಲ. ನಾನು ದಡದ ಮೇಲೆ ನಿಂತು ಉಗುರು ಕಚ್ಚುವ ಕೆಲಸ.

ಇವತ್ತು ಹನ್ನೊಂದರ ಹೊತ್ತಿಗೆ ಕೂಗಿದರು. "ಬಾ ಇಲ್ಲಿ!"

ಓಡಿದೆ. ಕೈಯಲ್ಲಿ ಒಂದು ಮೀನು, ಬೆನ್ನಿಗೆ ಬಿಳಿ-ಕೆಂಪು ಮಣಿ. ಸಿರಿಂಜ್ ಇನ್ನೂ ಮುಟ್ಟಿರಲಿಲ್ಲ.

"ಇದರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳಲಾ?"

"ಹೇಳಿ ಸರ್."

"ನೊಣ. ರೆಕ್ಕೆ ಬರುತ್ತೆ ನೋಡು." ನೀರು ಬಿಟ್ಟರು. ತಟ್ಟೆಯ ತುಂಬ ರೆಕ್ಕೆ. ಗಾಜಿನ ಚೂರಿನ ಹಾಗೆ ಹೊಳೆಯುವ ರೆಕ್ಕೆ.

ಇನ್ನೊಂದು ಎತ್ತಿದರು. "ಇವಳು ಬಸವನಹುಳು." ಟಿಕ್ ಟಿಕ್ ಎಂದು ಚಿಪ್ಪು ತಟ್ಟೆಗೆ ಬಿದ್ದವು. "ಇವನು ಕಡ್ಡಿಹುಳು." ಹೌದು. "ಇದು ನೀರುಚಿಗಟ." ಹೌದು! ಒಂದು ತಪ್ಪಿತು — ಕಡ್ಡಿಹುಳು ಅಂದದ್ದರಲ್ಲಿ ಅರ್ಧ ಬಸವನಹುಳು ಇತ್ತು. "ಇರಲಿ ಬಿಡು, ಇದಕ್ಕೆ ಎರಡು ನಾಲಿಗೆ," ಅಂದು ಗಹಗಹಿಸಿ ನಕ್ಕರು. ಮೇಷ್ಟ್ರು ಹೀಗೆ ನಕ್ಕದ್ದನ್ನು ನಾನು ಕಾಲೇಜಿನಲ್ಲೂ ನೋಡಿದವಳಲ್ಲ. ಟೋಪಿ ನೀರಿಗೆ ಬಿತ್ತು. ದೋಣಿಯಣ್ಣ ಹುಟ್ಟುಗೋಲಿನಿಂದ ಎತ್ತಿಕೊಟ್ಟ, ಹಾಗೇ ಒದ್ದೆಯದನ್ನೇ ಹಾಕಿಕೊಂಡರು.

ದಡಕ್ಕೆ ಬಂದು ಕೂತು ಮಂಡಿಯ ಪಟ್ಟಿ ಬಿಚ್ಚಿದರು.

"ನಾನು ಸಾವಿರಾರು ಹೊಟ್ಟೆ ಕೊಯ್ದಿದೀನಿ ಕಣಮ್ಮ. ಎಲ್ಲವನ್ನೂ ಒಂದೇ ಜಾಡಿಗೆ ಸುರಿದು ಎಣಿಸಿದೆ. ಜಾಡಿಯಲ್ಲಿ ಎಲ್ಲ ಇತ್ತು. ಅದಕ್ಕೇ, ಮೀನು ಎಲ್ಲ ತಿನ್ನುತ್ತೆ ಅಂತ ಬರೆದೆ. ಎಲ್ಲ ತಿಂತಿದ್ದಿದ್ದು ಜಾಡಿ. ಮೀನಲ್ಲ."

ಪಕ್ಕದಲ್ಲಿ ಕೂತೆ. ಇಬ್ಬರ ಬೂಟಿನಲ್ಲೂ ನೀರು.

ಜುಲೈ 29

ಮೇಷ್ಟ್ರು ವರದಿ ಏನು ಮಾಡಿದ್ದಾರೆ ಎಂದು ಹೇಳಿಲ್ಲ. ಬಾಗಿಲು ಹಾಕಿಕೊಂಡು ಬರೆಯುತ್ತಾರೆ. ನಾನಾಗಿ ಕೇಳಲಾರೆ.

ಸಮಿತಿಗೆ ನಾನು ಒಂದು ಕೋರಿಕೆ ಕಳಿಸಿದೆ. ಸಭೆ ಹಾಲ್‌ನಲ್ಲಿ ಬೇಡ, ಬಲೆಮನೆಗಳ ಹತ್ತಿರವೇ ಆಗಲಿ ಎಂದು. ಅಧ್ಯಕ್ಷೆ ಒಪ್ಪಿದ್ದಾರೆ. ದೋಣಿ ಹತ್ತುವುದಿಲ್ಲವಂತೆ, ದಡದಲ್ಲೇ ಕುರ್ಚಿ ಬೇಕಂತೆ.

ಆಗಸ್ಟ್ 3

ಗೆದ್ದೆವು!

ಹೀಗೆ ಬರೆದರೆ ಸಾಲದು. ಕ್ರಮವಾಗಿ.

ಬಿಸಿಲು. ದಡದಲ್ಲಿ ಕುರ್ಚಿಗಳು. ಅಧ್ಯಕ್ಷೆ, ಸಮಿತಿಯವರು, ಕಂಟ್ರಾಕ್ಟರ್ — ಮತ್ತೆ ನಕ್ಷೆ ಸಮೇತ. ಮೀನು ಹಿಡಿಯುವ ಮನೆಗಳವರೆಲ್ಲ ಹಿಂದೆ ನಿಂತಿದ್ದರು. ಅವರ ನಡುವೆ ಅತ್ತೆ ಬೇರೆ! ಯಾವಾಗ ಬಂದರೋ, ಕೊಡೆ ಹಿಡಿದುಕೊಂಡು.

ನಾನು ಭಾಷಣ ಮಾಡಲಿಲ್ಲ. ಎರಡು ಬಿಳಿ ಟಬ್ ಇಟ್ಟೆ. ಒಂದಕ್ಕೆ ಜೊಂಡಿರುವ ಬಲೆಮನೆಯ ಮೀನು, ಇನ್ನೊಂದಕ್ಕೆ ಜೊಂಡಿಲ್ಲದ್ದರ ಮೀನು. ಬನ್ನಿ, ನೋಡಿ ಅಂದೆ. ಅಧ್ಯಕ್ಷೆ ಬಗ್ಗಿ ನೋಡಿದರು. "ಇವು ಬೇರೆ ಬೇರೆ ಜಾತಿ ಅಲ್ಲವಾ?" ಅಂದರು. ಹಿಂದಿನ ಸಾಲಿನಲ್ಲಿ ಗುಜುಗುಜು.

"ಒಂದೇ ಜಾತಿ ಮೇಡಂ. ಒಂದೇ ದಿನ ಬಿಟ್ಟಿದ್ದು. ಇಲ್ಲಿ ಎಷ್ಟು ಬಾಯಿ ಇತ್ತೋ ಅಲ್ಲೂ ಅಷ್ಟೇ ಬಾಯಿ. ಇಲ್ಲಿನವು ಒಂದೊಂದು ಒಂದೊಂದು ತಿಂತವೆ, ಅದಕ್ಕೆ ಒಂದರ ಕಾಲು ಇನ್ನೊಂದು ತುಳಿಯಲ್ಲ."

"ಮೀನಿಗೆ ಕಾಲೆಲ್ಲಿದೆ ಮೇಡಂ?" ಅಂತ ಕಂಟ್ರಾಕ್ಟರ್. ಎಲ್ಲರೂ ನಕ್ಕರು. "ಮುಂದೆ ಮೀನಿಗೂ ಮೆನು ಕಾರ್ಡ್ ಪ್ರಿಂಟ್ ಮಾಡಿಸ್ತೀರೇನೋ!"

ಮುಖ ಬಿಸಿಯಾಯಿತು. ಆದರೆ ಸ್ಕೂಲಿನಲ್ಲಿ ಇಷ್ಟು ವರ್ಷ ಕೊನೆಯ ಬೆಂಚನ್ನು ನಿಭಾಯಿಸಿದವಳು ನಾನು. "ಮೆನು ಕಾರ್ಡ್ ಆಗಲೇ ಇದೆ ಸರ್. ನಿಮ್ಮ ಬೆನ್ನ ಹಿಂದೆ ನಿಂತಿದೆ," ಅಂದೆ. ತಿರುಗಿ ನೋಡಿದ. ಜೊಂಡು, ಗಾಳಿಗೆ ತೊನೆಯುತ್ತಿತ್ತು. "ಅದನ್ನ ಕಿತ್ತರೆ ಎರಡನೇ ಟಬ್ಬು. ಬಿಟ್ಟರೆ ಮೊದಲನೇ ಟಬ್ಬು. ನಿಮಗೆ ಯಾವುದು ಬೇಕು?"

ಈ ಸಲದ ನಗು ನನ್ನ ಕಡೆಗಿತ್ತು.

ಆಗ ಅಧ್ಯಕ್ಷೆ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ವರದಿ ಬೇರೆ ಹೇಳಿತ್ತಲ್ಲ?"

ಮೇಷ್ಟ್ರು ಎದ್ದರು. ಮಂಡಿ ಹಿಡಿದುಕೊಂಡು, ನಿಧಾನವಾಗಿ.

"ಹೇಳಿತ್ತು. ಅದು ತಪ್ಪು. ನಾನೇ ನೀರಿಗಿಳಿದು ನೋಡಿದೆ. ಅರ್ಧ ಮೀನು ತೆಗೆಯೋ ಕಾರಣ ಇಲ್ಲ. ಎರಡು ವರ್ಷದಿಂದ ಮೀನು ಬಡಕಲಾಗಿದ್ದು ಯಾಕೆ ಅಂತ ಈಗ ಅರ್ಥ ಆಗ್ತಿದೆ. ಎರಡು ವರ್ಷದ ಹಿಂದೆ ಆ ಕಡೆ ದಡದ ಜೊಂಡನ್ನ ನಾವೇ ತೆಗೆಸಿದ್ವಿ, ಕೆರೆ ಅಂದವಾಗಿ ಕಾಣಲಿ ಅಂತ. ಹೊಸ ವರದಿ ಇಲ್ಲಿದೆ. ಈ ಜೊಂಡು ಮುಟ್ಟಬೇಡಿ, ಆ ಕಡೆ ಮತ್ತೆ ನೆಡಿ ಅಂತ ಬರೆದಿದೀನಿ." ಕಾಗದ ಎತ್ತಿ ತೋರಿಸಿದರು. "ನಲವತ್ತು ವರ್ಷ ಪಾಠ ಹೇಳಿದೀನಿ. ನನ್ನ ತಪ್ಪನ್ನ ನನ್ನ ಹುಡುಗೀನೇ ಹಿಡಿದಳು. ನಾಚಿಕೆ ಅಲ್ಲ ಸ್ವಾಮಿ, ಜಂಬ ಆಗ್ತಿದೆ."

ಕಣ್ಣು ಮಂಜಾಯಿತು. ಟಬ್ಬು ಯಾವುದು, ಕುರ್ಚಿ ಯಾವುದು, ಒಂದೂ ಕಾಣಲಿಲ್ಲ.

ದೋಣಿಯಣ್ಣ ಹಿಂದಿನಿಂದ ಕೂಗಿದ, "ನೆಡೋಕೆ ನಮ್ಮ ಮನೆಯವರೆಲ್ಲ ಬರ್ತೀವಿ! ಇವತ್ತೇ ಬೇಕಾದರೂ!" ಅವನ ಹಿಂದೆ ಕೈಗಳು ಎದ್ದವು, ಒಂದೊಂದಾಗಿ, ಆಮೇಲೆ ಒಟ್ಟಿಗೆ. ಅಧ್ಯಕ್ಷೆ ಮತ ಕೇಳಿದರು. ಸಮಿತಿಯಲ್ಲಿ ಎದುರು ಯಾರೂ ಇರಲಿಲ್ಲ. ವಾಕಿಂಗ್ ಪಾತ್ ಜೊಂಡಿನ ಹಿಂದೆ, ಎತ್ತರದ ದಿಬ್ಬದ ಮೇಲೆ. ಕಂಟ್ರಾಕ್ಟರ್ ನಕ್ಷೆಯನ್ನು ಹಿಂಬದಿಗೆ ತಿರುಗಿಸಿ ಹೊಸ ಗೆರೆ ಎಳೆಯತೊಡಗಿದ. ಕೆಲಸದವನು ಕೆಲಸದವನೇ.

ಮನೆಗೆ ಬರುವಾಗ ಇವರ ಬಸ್ಸೇ ಸಿಕ್ಕಿತು. ಅತ್ತೆ ಹತ್ತುತ್ತಲೇ ಇಡೀ ಬಸ್ಸಿಗೆ ಕೇಳುವ ಹಾಗೆ, "ನಿನ್ನ ಹೆಂಡತಿ ಗೆದ್ದಳು ಕಣೋ!" ಅಂದರು. ಇವರು ಕಾರಣವಿಲ್ಲದೆ ಉದ್ದಕ್ಕೆ ಹಾರ್ನ್ ಹೊಡೆದರು. ಸೀಟಿನಲ್ಲಿದ್ದವರೆಲ್ಲ ಬೆಚ್ಚಿ ಎದ್ದರು.

ಆಗಸ್ಟ್ 4

ಮಧ್ಯಾಹ್ನದವರೆಗೆ ನಿದ್ದೆ. ಮೈಯೆಲ್ಲ ನೋವು. ಏನು ಹಾಯಾಗಿದೆ!

ಸೆಪ್ಟೆಂಬರ್ 30

ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆ, ಭಾಷಣ ಎಲ್ಲ ಬೇಡ ಎಂದುಬಿಟ್ಟರು. ಬಲೆಮನೆ ಬಿಚ್ಚುವುದಕ್ಕೆ ಬಂದರು. ಬೆನ್ನಿನ ಮಣಿ ಕತ್ತರಿಸಿ ಎಲ್ಲ ಮೀನುಗಳನ್ನೂ ಕೆರೆಗೆ ಬಿಟ್ಟೆವು. ಬಡಕಲು ಮೀನುಗಳನ್ನು ಮೇಷ್ಟ್ರು ತಾವೇ ಬಕೆಟ್ಟಿನಲ್ಲಿ ಹೊತ್ತು ಜೊಂಡಿನ ಬುಡದಲ್ಲಿ ಬಿಟ್ಟರು. "ಉಪವಾಸ ಮಾಡಿಸಿದ್ದು ನಾವು. ಅಡುಗೆಮನೆವರೆಗೆ ಬಿಟ್ಟು ಬರೋದು ನಮ್ಮ ಧರ್ಮ," ಅಂದರು.

ಅವರ ಕುರ್ಚಿ ಇನ್ನು ನನಗೆ. ಆದೇಶ ಬೆಳಗ್ಗೆ ಬಂತು. ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಉದ್ದಕಾಲಿನ ಮನುಷ್ಯ.

ಪುಸ್ತಕ ತಿದ್ದುತ್ತಿದ್ದಾರಂತೆ. ಹೊಸ ಅಧ್ಯಾಯಕ್ಕೆ ಇಬ್ಬರ ಹೆಸರೂ ಇರಬೇಕಂತೆ. ನನ್ನದು ಮೊದಲು. ನಾನು ಬೇಡ ಅಂದೆ. "ಮಾರ್ಕ್ಸ್ ಕೊಡೋನು ಈಗಲೂ ನಾನೇ. ಸುಮ್ಮನಿರು," ಅಂದರು.

ಅಕ್ಟೋಬರ್ 20

ಆಚೆ ದಡದಲ್ಲಿ ಜೊಂಡು ನೆಟ್ಟೆವು. ಅರ್ಧ ಊರೇ ಕೆಸರಿನಲ್ಲಿತ್ತು. ಅಧ್ಯಕ್ಷೆ ಕೊನೆಗೂ ದೋಣಿ ಹತ್ತಿದರು, ಕಣ್ಣು ಮುಚ್ಚಿಕೊಂಡು.

ಮರುವರ್ಷ, ಸೆಪ್ಟೆಂಬರ್ 14, ಬೆಳಗ್ಗೆ

ಕೆಲಸ ಜಾಸ್ತಿ, ಬರೆದು ತಿಂಗಳುಗಳಾದವು. ಇವತ್ತು ಮಾತ್ರ ಬರೆಯದಿದ್ದರೆ ಆಗದು.

ನೆಟ್ಟ ಜೊಂಡು ನನ್ನ ತಲೆಯೆತ್ತರ ಬೆಳೆದಿದೆ. ಕಾಂಡದ ತುಂಬ ಬಸವನಹುಳು. ಅಲ್ಲಿ ಮೊದಲ ಸಲ ಬಲೆ ಬಿಡುವುದು ಇವತ್ತು. ಮೇಷ್ಟ್ರು ಬೆಳಗಾಗುವ ಮೊದಲೇ ಬಂದು ದಡದಲ್ಲಿ ಕುರ್ಚಿ ಹಾಕಿಕೊಂಡಿದ್ದಾರೆ. ಬೇಡವೆಂದರೂ ಬೂಟು ಹಾಕಿಕೊಂಡೇ ಬಂದಿದ್ದಾರೆ.

ದೋಣಿಯಣ್ಣ ಬಲೆಯ ಒಂದು ತುದಿ ಎಳೆಯಲು ಶುರು ಮಾಡಿದ. ಎಳೆಯುತ್ತಿದ್ದಾನೆ, ಬಲೆ ಬರುತ್ತಿಲ್ಲ. ಎಲ್ಲೋ ಸಿಕ್ಕಿಕೊಂಡಿತೇನೋ ಅಂದುಕೊಂಡೆ. ಅಲ್ಲವಂತೆ. ಈಗ ಅವನ ತಮ್ಮನೂ ಕೈ ಹಚ್ಚಿದ. ಇಬ್ಬರೂ ನಗುತ್ತಿದ್ದಾರೆ, ನನ್ನನ್ನೂ ಕೂಗುತ್ತಿದ್ದಾರೆ. ಮೇಷ್ಟ್ರು ಆಗಲೇ ಮಂಡಿವರೆಗೆ ನೀರಿಗಿಳಿದಿದ್ದಾರೆ. ಅಷ್ಟೊಂದು ಭಾರ, ನೀರಿನ ಮೇಲೆಲ್ಲ ಪಟ್ಟೆ ಪಟ್ಟೆ, ಬೆನ್ನುಗಳು ಹೀಗೆ ತುಂಬಿ—